ಮಧ್ಯಯುಗದ ಕೋಣೆಗೆ ಬಂದ ಎಡಿಸನ್ನಿನವರು

ಮಧ್ಯಯುಗದ ಯುರೋಪನ್ನು ನಮ್ಮವರಿಗೆ ತೋರಿಸಲು ನಿಂತವರು ಒಂದು ವಾರವನ್ನೂ ಗಾಂಭೀರ್ಯದಿಂದ ಕಳೆಯಲಾರರು. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ.

ನ್ಯೂಜೆರ್ಸಿಯ ಎಡಿಸನ್ ಊರಿನ ಶಾಲೆಯೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದ ಮೇಲೆ, ನ್ಯೂಯಾರ್ಕಿನ ಒಂದು ಮ್ಯೂಸಿಯಮ್ಮಿನಲ್ಲಿ ಗೈಡ್ ಆಗಲು ಹೋದೆ. ಅಲ್ಲಿನ ಮೇಲ್ವಿಚಾರಕಿ ನನ್ನ ಸೀರೆಯನ್ನು ಒಮ್ಮೆ ನೋಡಿ, ಭಾರತದ ಶಿಲ್ಪಗಳ ವಿಭಾಗದಲ್ಲಿ ಜಾಗವಿದೆ ಎಂದರು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಯುರೋಪಿನ ರಾಜರನ್ನೆಲ್ಲ ಸಿಸ್ಟರುಗಳು ನಮಗೆ ಬಾಯಿಪಾಠ ಮಾಡಿಸಿದ್ದರು. ನನಗೆ ಮಧ್ಯಯುಗವೇ ಬೇಕು ಎಂದೆ. ಚಳಿಗಾಲ ಮುಗಿಯುವವರೆಗೆ ನಿಮ್ಮ ಭಾಷೆಯವರಿಗೆ ತೋರಿಸಿ ಅಭ್ಯಾಸ ಮಾಡಿ, ನೋಡೋಣ ಎಂದರು. ಕೊನೆಯಲ್ಲಿ ಒಂದು ಪರೀಕ್ಷೆಯ ಟೂರ್. ಆಕೆಯೇ ಹಿಂದೆ ಬಂದು ನೋಡುತ್ತಾರೆ. ಗೆದ್ದರೆ ಬ್ಯಾಡ್ಜು, ಸೋತರೆ ಬಂದವರ ಕೋಟು ಇಡುವ ಕೌಂಟರ್.

ಊರವರ ಕೋಟು ತೂಗುಹಾಕಲು ನಾನು ಕಾನ್ವೆಂಟಿಗೆ ಹೋಗಿರಲಿಲ್ಲ. ಅಂದೇ ಓದಲು ಕುಳಿತೆ.

ಮನೆಯಲ್ಲೇ ಮಧ್ಯಯುಗ

ಮೊದಲ ಅಭ್ಯಾಸ ನಮ್ಮ ಯಜಮಾನರ ಮೇಲೆ. ಅವರನ್ನು ಸೋಫಾದಲ್ಲಿ ಕೂರಿಸಿ, ಎದುರಿಗೆ ನೆಟ್ಟಗೆ ನಿಂತು ಶುರುಮಾಡಿದೆ. ಮಧ್ಯಯುಗದವರು ಕೊಳಕರು, ಸ್ನಾನವನ್ನೇ ಕಾಣದವರು ಎಂದು ಜನ ತಿಳಿದಿದ್ದಾರೆ. ವಿದ್ವಾಂಸರು ಈಗ ಅದನ್ನು ಒಪ್ಪುವುದಿಲ್ಲ. ಊರೂರಿನಲ್ಲಿ ಸ್ನಾನದ ಮನೆಗಳಿದ್ದವು. ಊಟಕ್ಕೆ ಮುಂಚೆ ಕೈ ತೊಳೆಯಲೇಬೇಕು, ಊಟವಾದ ಮೇಲೂ ತೊಳೆಯಬೇಕು. ಬಟ್ಟಲಿಗೆ ಕೈ ಹಾಕುವುದಕ್ಕೂ ಕ್ರಮವಿತ್ತು. ಬಾಯಲ್ಲಿ ತುತ್ತಿರುವಾಗ ಮಾತಾಡುವಂತಿಲ್ಲ, ಮೇಜಿನ ಮೇಲೆ ಮೊಣಕೈ ಊರುವಂತಿಲ್ಲ.

ಅವರು ಗಮನವಿಟ್ಟು ಕೇಳುತ್ತಿದ್ದರು. ನನಗೆ ಸಂತೋಷವಾಗಿ, ಏನಾದರೂ ಪ್ರಶ್ನೆ ಇದೆಯೇ ಎಂದೆ.

“ಪ್ರಶ್ನೆ ಏನೂ ಇಲ್ಲ ಕಣೆ. ಮದುವೆ ಆದಾಗಿನಿಂದ ನಾನು ಅಲ್ಲೇ ಇದ್ದೀನಿ.”

ಪುಟಗಳ ಕೊಳೆ

ಹಳೆಯ ಪ್ರಾರ್ಥನಾ ಪುಸ್ತಕಗಳ ಪುಟದಂಚಿನಲ್ಲಿ ಕೂತ ಬೆರಳಿನ ಕೊಳೆಯನ್ನು ಈಗ ಯಂತ್ರವಿಟ್ಟು ಅಳೆಯುತ್ತಾರೆ. ಯಾವ ಪುಟ ಹೆಚ್ಚು ಕೊಳೆಯಾಗಿದೆಯೋ ಆ ಪ್ರಾರ್ಥನೆಯನ್ನು ಜನ ಹೆಚ್ಚು ಓದಿದ್ದಾರೆ ಎಂದು ಲೆಕ್ಕ. ರೋಗ ಬಾರದಿರಲಿ ಎಂಬ ಪ್ರಾರ್ಥನೆಯ ಪುಟ ಕಪ್ಪಾಗಿರುತ್ತದೆ. ಬೆಳಗಿನ ಜಾವದ ದೀರ್ಘ ಪ್ರಾರ್ಥನೆಯ ಮೊದಲ ಪುಟ ಕೊಳೆ, ಮುಂದಿನವು ಶುಭ್ರ. ಓದುತ್ತಿದ್ದವರಿಗೆ ಅಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಎಂಜಲು ಬೆರಳಲ್ಲಿ ಪುಟ ತಿರುವಿದವರಿಗೆ ನಾನು ಜೀವಮಾನವಿಡೀ ಶಿಕ್ಷೆ ಕೊಟ್ಟವಳು. ಈಗ ಕೊಳೆಗೂ ಬೆಲೆಯಿದೆ ಎಂದು ನಾನೇ ಹೇಳಬೇಕಾಯಿತು.

ಇದನ್ನು ಮೊದಲ ಸಲ ಹೇಳಿದ ದಿನ ನ್ಯೂಯಾರ್ಕಿನ ಪಕ್ಕದ ಫ್ಲೋರಲ್ ಪಾರ್ಕ್ ಊರಿನಿಂದ ಒಬ್ಬ ಹಿರಿಯ ಮಹಿಳೆ ಬಂದಿದ್ದರು, ಧಾರವಾಡದ ಕಡೆಯವರು. ಗಾಜಿನ ಪೆಟ್ಟಿಗೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, ತಮ್ಮ ಅಡುಗೆ ಪುಸ್ತಕವನ್ನೂ ಆ ಯಂತ್ರದ ಕೆಳಗೆ ಇಡಬಹುದೇ ಎಂದು ಕೇಳಿದರು. ಏನು ಕಾಣಬಹುದು ಎಂದೆ.

“ಹೋಳಿಗಿ ಪುಟಾ ಎಣ್ಣ್ಯಾಗ ಮುಳುಗೇದ ನೋಡ್ರಿ. ಡಾಕ್ಟರು ಬರೆಸಿದ ಶುಗರ್ ಪಥ್ಯದ ಪುಟಾ ಮಾತ್ರ ಅಂಗಡಿಯಿಂದ ತಂದಂಗ ಐತಿ.”

ಮೇಲ್ವಿಚಾರಕಿ ಅಲ್ಲೇ ಹಾದುಹೋಗುತ್ತಿದ್ದವರು, ಎಲ್ಲರೂ ಯಾಕೆ ನಗುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅನುವಾದಿಸಿದೆ. ಆಕೆ ನಗಲಿಲ್ಲ. ನನ್ನ ಕಣ್ಣ ಮುಂದೆ ಕೋಟುಗಳ ಸಾಲು ಸುಳಿದುಹೋಯಿತು. ಆದರೆ ಮುಂದಿನ ವಾರ ಆಕೆ ತಮ್ಮ ಟೂರಿನಲ್ಲಿ ಹೋಳಿಗೆ ಎಂದರೇನೆಂದು ಅಮೆರಿಕನ್ನರಿಗೆ ವಿವರಿಸುತ್ತಿದ್ದುದನ್ನು ನಾನೇ ಕೇಳಿದೆ. ಉಚ್ಚಾರಣೆಯನ್ನು ಆಮೇಲೆ ತಿದ್ದಿದೆ.

ಹಲ್ಲಿನ ನೀಲಿ

ನನಗೆ ಅತ್ಯಂತ ಪ್ರಿಯವಾದ ಸಂಶೋಧನೆ ಇದು. ಸುಮಾರು ಸಾವಿರ ವರ್ಷಗಳ ಹಿಂದೆ ಜರ್ಮನಿಯ ಒಂದು ಕಾನ್ವೆಂಟಿನಲ್ಲಿ, ಅಂದರೆ ಸನ್ಯಾಸಿನಿಯರ ಮಠದಲ್ಲಿ, ಮಣ್ಣಾದ ಹೆಂಗಸಿನ ಹಲ್ಲಿಗೆ ಕಟ್ಟಿದ ಪಾಚಿಯಲ್ಲಿ ನೀಲಿ ಕಣಗಳು ಸಿಕ್ಕವು. ಪರೀಕ್ಷಿಸಿದರೆ, ದೂರದ ಅಫ್ಘಾನಿಸ್ತಾನದ ಬೆಲೆಬಾಳುವ ನೀಲಿ ಕಲ್ಲಿನ ಪುಡಿ. ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಆಕೆ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದಿರಬೇಕು. ಅಂಥ ಕೆಲಸವೆಲ್ಲ ಗಂಡಸರದೇ ಎಂದುಕೊಂಡಿದ್ದವರು ತಮ್ಮ ಮಾತನ್ನು ತಿದ್ದಿಕೊಳ್ಳಬೇಕಾಯಿತು. ಹೆಸರೂ ಉಳಿಯದ ಒಬ್ಬ ಸಿಸ್ಟರ್ ತನ್ನ ಕೆಲಸದ ಸಾಕ್ಷಿಯನ್ನು ಬಾಯಲ್ಲೇ ಇಟ್ಟುಕೊಂಡು ಹೋಗಿದ್ದಳು. ಇದನ್ನು ಹೇಳುವಾಗ ನನ್ನ ಬೆನ್ನು ಇನ್ನೂ ನೆಟ್ಟಗಾಗುತ್ತದೆ.

ಒಮ್ಮೆ ಹೀಗೇ ಹೇಳಿ ಮುಗಿಸಿದಾಗ ಹೆಂಗಸರೆಲ್ಲ ತಲೆಯಾಡಿಸಿದರು. ಹ್ಯಾರಿಸನ್ ಊರಿನಿಂದ ಬಂದಿದ್ದ ಹಲ್ಲಿನ ಡಾಕ್ಟರು, ಬೆಂಗಳೂರಿನ ಮುಸ್ಲಿಂ ಮನೆತನದ ಸಭ್ಯ ಗೃಹಸ್ಥರು, ಕೈ ಎತ್ತಿದರು.

“ಮೇಡಂ, ಆಕೆ ನನ್ನ ಪೇಷಂಟ್ ಆಗಿದ್ರೆ ಎಲ್ಲಾ ಕ್ಲೀನ್ ಮಾಡಿ ಕಳಿಸ್ತಿದ್ದೆ. ಇತಿಹಾಸ ಸಿಂಕಿಗೆ ಹೋಗ್ತಿತ್ತು.”

ಪಕ್ಕದಲ್ಲಿದ್ದ ಅವರ ಬೇಗಂ ಅಂದಿನಿಂದ ತಮ್ಮ ಹಲ್ಲಿಗೆ ಗಂಡನ ಕೈ ತಾಗಿಸಿಕೊಂಡಿಲ್ಲ. ಮುಂದಿನ ವಿದ್ವಾಂಸರಿಗೆ ಅನ್ಯಾಯವಾಗಬಾರದಂತೆ.

ಪರೀಕ್ಷೆ

ಚಳಿಗಾಲ ಮುಗಿಯಿತು. ಪರೀಕ್ಷೆಯ ಟೂರಿಗೆ ಬಂದವರು ಎಡಿಸನ್ನಿನ ನಮ್ಮ ಕನ್ನಡ ಹಿರಿಯರ ಗುಂಪು. ಇವರು ನನ್ನ ಮರ್ಯಾದೆ ಉಳಿಸುತ್ತಾರೆ ಎಂದು ಯಜಮಾನರೇ ವ್ಯಾನ್ ಮಾಡಿ ಕರೆತಂದಿದ್ದರು.

ಬಾಗಿಲಲ್ಲೇ ಎಲ್ಲರಿಗೂ ತಾಕೀತು ಮಾಡಿದೆ. ಮುಟ್ಟಬೇಡಿ, ಒರಗಬೇಡಿ, ಚಕ್ಕುಲಿ ಡಬ್ಬಿ ತೆರೆಯಬೇಡಿ. ಮಕ್ಕಳಂತೆ ತಲೆಯಾಡಿಸಿದರು. ಮೇಲ್ವಿಚಾರಕಿ ಕೈಕಟ್ಟಿಕೊಂಡು ಹಿಂದೆ ಬಂದರು. ಕೈ ತೊಳೆಯುವ ಪದ್ಧತಿ, ಪುಟಗಳ ಕೊಳೆ, ಹಲ್ಲಿನ ನೀಲಿ ಎಲ್ಲವೂ ಕನ್ನಡದಲ್ಲೂ, ಆಕೆಗಾಗಿ ಇಂಗ್ಲಿಷಿನಲ್ಲೂ ಸುಸೂತ್ರವಾಗಿ ಸಾಗಿದವು. ನಡುವೆ ಆಕೆಯನ್ನು ಯಾರೋ ಫೋನಿಗೆ ಕರೆದರು.

ಉಳಿದದ್ದು ಕೊನೆಯ ಕೋಣೆ. ಯುರೋಪಿನಿಂದ ಕಲ್ಲು ಕಲ್ಲಾಗಿ ತಂದು ಜೋಡಿಸಿದ ಪುಟ್ಟ ಪ್ರಾರ್ಥನಾ ಮಂದಿರ. ನಾನು ಮುಂದೆ ನಡೆದು, ಪೀಠದ ಬಳಿ ನಿಂತು ತಿರುಗಿದೆ. ನನ್ನ ಗುಂಪು ಕಾಲುಚೀಲದಲ್ಲಿ ಕೈಮುಗಿದು ನಿಂತಿತ್ತು. ಬಾಗಿಲ ಹೊರಗೆ ಶೂಗಳನ್ನು ಸಾಲಾಗಿ ಬಿಟ್ಟಿದ್ದರು. ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಯಜಮಾನರು ಬಾಗಿಲಲ್ಲಿ ನಿಂತು, ನಮಗೆ ಸಂಬಂಧವೇ ಇಲ್ಲದ ಅಮೆರಿಕನ್ ದಂಪತಿಗಳಿಗೂ ಶೂ ಬಿಚ್ಚಲು ಹೇಳುತ್ತಿದ್ದರು. ಅವರು ಪಾಪ ಬಿಚ್ಚುತ್ತಿದ್ದರು.

ಕಾವಲುಗಾರ ವಾಕಿಟಾಕಿ ಎತ್ತಿದ. ವಾರಸುದಾರರಿಲ್ಲದ ವಸ್ತುಗಳಿವೆ ಎಂದು ಅವನು ಹೇಳುತ್ತಿರುವಾಗಲೇ ಮೇಲ್ವಿಚಾರಕಿ ಬಂದರು. ಶೂಗಳನ್ನು ನೋಡಿದರು, ನನ್ನನ್ನು ನೋಡಿದರು, ಇದೇನೆಂದು ಕೇಳಿದರು. ನಾನು ಕಾನ್ವೆಂಟಿನ ಇಂಗ್ಲಿಷಿನಲ್ಲಿ ಒಂದು ಕ್ಷಮಾಪಣೆ ಜೋಡಿಸತೊಡಗಿದೆ. ಅಷ್ಟರಲ್ಲಿ ಉತ್ತರ ಕೊಟ್ಟವರು ನಮ್ಮ ಗುಂಪಿನ ಅತ್ಯಂತ ಹಿರಿಯ ಆಂಟಿ.

“ಇನ್‌ಸೈಡ್ ಗಾಡ್ ಈಸ್ ದೇರ್, ನೋ?”

ಮೇಲ್ವಿಚಾರಕಿ ಮತ್ತೊಮ್ಮೆ ಶೂಗಳ ಸಾಲನ್ನು ನೋಡಿದರು. ಆಮೇಲೆ ಮೆಲ್ಲಗೆ, ಮಧ್ಯಯುಗದ ಯಾತ್ರಿಕರಲ್ಲಿ ಎಷ್ಟೋ ಜನ ಕೊನೆಯ ದಾರಿಯನ್ನು ಬರಿಗಾಲಲ್ಲಿ ನಡೆಯುತ್ತಿದ್ದರು ಎಂದರು. ಇಷ್ಟು ವರ್ಷ ಅದನ್ನು ಬಾಯಲ್ಲಿ ಹೇಳುತ್ತಾ ಬಂದಿದ್ದೇನೆ, ಕಣ್ಣಲ್ಲಿ ನೋಡಿದ್ದು ಇವತ್ತೇ ಎಂದರು. ಕಾವಲುಗಾರನಿಗೆ ಸುಮ್ಮನಿರಲು ಸನ್ನೆ ಮಾಡಿ, ಬಗ್ಗಿ ತಮ್ಮ ಕಪ್ಪು ಶೂಗಳನ್ನೂ ಬಿಚ್ಚಿ ಸಾಲಿನಲ್ಲಿಟ್ಟು ಒಳಗೆ ಬಂದರು. ನಾನು ಉಳಿದ ಮಾತು ಮುಗಿಸಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಮಾತಾಡಿರಲಿಲ್ಲ.

ಗುಂಪನ್ನು ವ್ಯಾನಿಗೆ ಕಳಿಸಿ ಬಂದ ಮೇಲೆ ಆಕೆ ತಾವೇ ನನ್ನ ಸೆರಗಿಗೆ ಬ್ಯಾಡ್ಜು ಚುಚ್ಚಿದರು. ಮಧ್ಯಯುಗ ವಿಭಾಗ ಎಂದು ಅದರ ಮೇಲೆ ಸ್ಪಷ್ಟವಾಗಿ ಬರೆದಿತ್ತು. ಕಣ್ಣು ತುಂಬಿ ತಲೆ ತಗ್ಗಿಸಿದೆ. ಆಕೆ ಇನ್ನೂ ಕಾಲುಚೀಲದಲ್ಲೇ ನಿಂತಿದ್ದರು.

ಆಕೆಯ ಶೂಗಳು ಆ ಹೊತ್ತಿಗೆ ನಮ್ಮ ಆಂಟಿಯ ಕಾಲಿನಲ್ಲಿ ನ್ಯೂಜೆರ್ಸಿಯ ದಾರಿ ಹಿಡಿದಿದ್ದವು. ಬಾಗಿಲಲ್ಲಿ ಉಳಿದಿದ್ದುದು ಪಟ್ಟಿ ಅಂಟಿಸುವ ಒಂದು ಜೊತೆ ವಾಕಿಂಗ್ ಶೂ. ಆಕೆ ಅದನ್ನು ಹಾಕಿ ನೋಡುತ್ತಾ, ನಿಮ್ಮ ದೇವಸ್ಥಾನಗಳಲ್ಲಿ ಹೀಗಾದರೆ ಏನು ಮಾಡುತ್ತೀರಿ ಎಂದು ಕೇಳಿದರು.

ಸರಿಯಾಗಿ ಹೊಂದುವುದನ್ನು ಹಾಕಿಕೊಂಡು ಹೊರಟುಬಿಡುತ್ತೇವೆ ಎಂದೆ.