ಕ್ಲಟರ್ ಮೇಜು, ಜಂಬಲ್ ಗೂಡು

ಬೈಂಡರು: ಇದು ಕ್ಲಟರ್!

ಹೆಂಡತಿ: ಯಾವುದು ರೀ?

ಬೈಂಡರು: ಇದೇ, ಈ ಕಿಟಕಿ ಕೆಳಗಿನ ಮೇಜು. ದಾರದುಂಡೆ, ಬಾಚಣಿಗೆ, ಅರ್ಧ ಹೆಣೆದ ಸ್ವೆಟರು, ಮುಚ್ಚಳ ಇಲ್ಲದ ಡಬ್ಬಿ... ಕ್ಲಟರ್! ಆ ಗೋಡೆ ಗೂಡು ಇದೆಯಲ್ಲ, ಅದು ಜಂಬಲ್. ಬಟ್ಟೆ ಹೇರಿದ ಆ ಬೆತ್ತದ ಕುರ್ಚಿ, ಅನ್‌ಟೈಡಿ!

ಹೆಂಡತಿ: ಓಹೋ. ಮತ್ತೆ ನಾನು?

ಬೈಂಡರು: ನೀನಾ? ನೀನು ಸ್ಲಾಪಿ!

ಆ ಮಾತುಗಳು ಅವಳ ಕಿವಿಗೆ ಮೊದಲು ಬಿದ್ದದ್ದು ಆವತ್ತೇ. ಗಂಡ ಹಳೆಯ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವವರು. ಬೆಳಿಗ್ಗೆ ಶಾಲೆಯ ಇಂಗ್ಲಿಷ್ ಟೀಚರು ಒಂದು ದಪ್ಪ ಪುಸ್ತಕ ಕೊಟ್ಟು ಹೋಗಿದ್ದರು. ಒಂದೇ ಅರ್ಥದ ಇಂಗ್ಲಿಷ್ ಮಾತುಗಳನ್ನೆಲ್ಲ ಒಂದೊಂದು ಕಡೆ ಗುಡ್ಡೆ ಹಾಕಿದ ಪುಸ್ತಕ. ಅದರಿಂದ ಕಳಚಿ ಕೈಗೆ ಬಂದದ್ದು ಒಂದೇ ಹಾಳೆ. ಒಪ್ಪ ಓರಣವಿಲ್ಲದ್ದಕ್ಕೆ, ಉಡಾಫೆಗೆ ಇಂಗ್ಲಿಷಿನವರು ಏನೇನು ಅನ್ನುತ್ತಾರೋ ಅದೆಲ್ಲ ಇದ್ದ ಹಾಳೆ. ಬೈಂಡರಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ಆ ಒಂದು ಹಾಳೆಯಷ್ಟೇ.

ಹೆಂಡತಿಗೆ ಅದೂ ಇಲ್ಲ. ರೂಮು, ಬಾತ್‌ರೂಮು ಎಂದು ಜಾಗಗಳಿಗೆ ಇಂಗ್ಲಿಷ್ ಹೆಸರಿರುವುದು ಗೊತ್ತಿತ್ತು. ಮೂಲೆ ಮೂಲೆಗೂ ಇರುತ್ತದೆಂದು ಆವತ್ತು ತಿಳಿಯಿತು. ಗಂಡ ಇಷ್ಟು ಅಕ್ಕರೆಯಿಂದ ಬೆರಳು ತೋರಿಸಿ ತೋರಿಸಿ ಹೇಳಿಕೊಡುತ್ತಿದ್ದಾರಲ್ಲ ಎಂದು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಳು. ಹೆಂಡತಿ ತಿರುಗಿ ಬೀಳಲಿಲ್ಲವೆಂದು ಬೈಂಡರು ಇಂಗ್ಲಿಷಿನ ಶಕ್ತಿಗೆ ಬೆರಗಾದರು.

ವಾರ ಕಳೆಯಿತು. ಪುಸ್ತಕಕ್ಕೆ ರಟ್ಟಾಯಿತು. ಆ ಹಾಳೆಯೊಂದನ್ನು ಅಂಟಿಸುವುದು ಬಾಕಿ. ಹಾಳೆಯೇ ಇಲ್ಲ! ಸಂಜೆ ಟೀಚರು ಬರುವವರು. ಈ ಕೆಲಸ ಮೆಚ್ಚಿಗೆಯಾದರೆ ಶಾಲೆಯ ಲೈಬ್ರರಿಯ ಪುಸ್ತಕಗಳ ರಟ್ಟಿನ ಕೆಲಸವೆಲ್ಲ ನಿಮಗೇ ಎಂದು ಬೇರೆ ಹೇಳಿದ್ದರು.

ಬೈಂಡರು: ಹಾಳೆ ಎಲ್ಲೇ? ನಿನ್ನೆಯಿಂದ ನನ್ನ ಕನ್ನಡಕಾನೂ ಇಲ್ಲ. ಎಲ್ಲಿ ಎತ್ತಿಟ್ಟೆ?

ಹೆಂಡತಿ: ನನ್ನನ್ನ್ಯಾಕೆ ಕೇಳ್ತೀರಿ? ನಾನೇನು ಹಾಳೇನ ಒಗೆದು ಒಣಗಿ ಹಾಕಿದ್ನಾ?

ಬೈಂಡರು: ಹಾಕಿದ್ರೂ ಹಾಕಿರ್ತೀಯ!

ಹೆಂಡತಿ: ಹುಡುಕಿ ಹುಡುಕಿ ಸೊಂಟ ಬಿದ್ದುಹೋಯ್ತು. ಕ್ಲಟರಲ್ಲಿ ಇಲ್ಲ. ಜಂಬಲಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ.

ಬೈಂಡರು: ಏನಂದೆ?

ಹೆಂಡತಿ: ಜಂಬಲಲ್ಲಿ ಇಲ್ಲ ಅಂದೆ. ಕಿವಿಗೂ ಗೋಂದು ಹಚ್ಕೊಂಡಿದೀರಾ?

ಬೈಂಡರು: ಅಯ್ಯೋ, ಅದು ಜಾಗದ ಹೆಸರಲ್ಲ ಕಣೇ! ಬೈಗುಳ!

ಹೆಂಡತಿ: ಯಾರಿಗೆ?

ಬೈಂಡರು: ನಿನಗೆ!

ಹೆಂಡತಿ: ಗೂಡಿಗೆ ಬೆರಳು ತೋರಿಸಿದ್ರಿ. ನನ್ನ ಬೈಯೋದಿದ್ರೆ ನನ್ನ ಕಡೆ ತೋರಿಸಬೇಕಿತ್ತು.

ಬೈಂಡರು: ತೋರಿಸಿದ್ನಲ್ಲ, ಸ್ಲಾಪಿ ಅಂತ!

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಹೆಂಡತಿ: ಅದೂ ಬೈಗುಳಾನಾ? ಪಕ್ಕದ ಮನೆ ಅಕ್ಕನ ಹತ್ರ ಹೇಳ್ಕೊಂಡು ಬಂದಿದೀನಲ್ರೀ! ಇಷ್ಟು ವರ್ಷ ಆದ್ಮೇಲೆ ನಮ್ಮವರು ನನಗೊಂದು ಮುದ್ದಿನ ಹೆಸರಿಟ್ರು ಅಂತ. ಅವರೂ ಈಗ ಸ್ಲಾಪಿ, ಸ್ಲಾಪಿ ಅಂತಾನೇ ಕರೀತಾರೆ!

ಬೈಂಡರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಟೀಚರು.

ಟೀಚರು: ಪುಸ್ತಕ ಆಯ್ತಾ ಬೈಂಡರೇ?

ಬೈಂಡರು: ಆಯ್ತು... ಆಗ್ತಾ ಇದೆ... ಆದ ಹಾಗೇನೇ.

ಹೆಂಡತಿ: ಬನ್ನಿ ಟೀಚರಮ್ಮ. ಅನ್‌ಟೈಡೀಲಿ ಕೂತ್ಕೊಳ್ಳಿ.

ಟೀಚರು: ಎಲ್ಲಿ?

ಹೆಂಡತಿ: ಅನ್‌ಟೈಡೀಲಿ. ನಮ್ಮೆಜಮಾನ್ರೇ ಇಟ್ಟ ಹೆಸರು. ಇರಿ, ಬಟ್ಟೆ ತೆಗೀತೀನಿ.

ಗಂಡನ ಮುಖವನ್ನೇ ನೋಡುತ್ತ ಅವಳು ಬೆತ್ತದ ಕುರ್ಚಿಯ ಬಟ್ಟೆಯನ್ನೆಲ್ಲ ಒಂದೇ ಅಪ್ಪುಗೆಗೆ ಎತ್ತಿದಳು. ಕೆಳಗೆ, ದಿಂಬಿನ ಮೇಲೆ, ಹಾಳೆ. ಹಾಳೆಯ ಮೇಲೆ ಬೈಂಡರ ಕನ್ನಡಕ.

ಹೆಂಡತಿ: ಊಟ ಆದ್ಮೇಲೆ ಈ ಕುರ್ಚೀಲಿ ಒರಗೋರು ಯಾರ್ರೀ?

ಬೈಂಡರು: ಬಾಯಿಪಾಠ ಮಾಡ್ತಿದ್ದೆ. ಕಣ್ಣು ಹತ್ತಿತು. ಎದ್ದು ಹೋದ್ಮೇಲೆ ಬಟ್ಟೆ ಹೇರಿದ್ದು ನೀನೇ ತಾನೆ?

ಹೆಂಡತಿ: ಕೇಳಿದ್ರಾ ಟೀಚರಮ್ಮ? ತಾನೇ ಇಟ್ಟು, ತಾನೇ ಮರೆತು, ಹೆಂಡತಿ ತಲೆಗೆ ಕಟ್ಟೋರಿಗೆ ಈ ಹಾಳೇಲಿ ಏನಂತ ಬರೆದಿದಾರೆ?

ಟೀಚರು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಗು ತಡೆದುಕೊಳ್ಳಲು ಇನ್ನೊಂದು ಸಲ ನೋಡಿದರು.

ಟೀಚರು: ಇಷ್ಟರಲ್ಲಿ ಯಾವುದೂ ಸಾಲಲ್ಲಮ್ಮ.

ಹೆಂಡತಿ: ಪಾಪ, ಇಂಗ್ಲಿಷಿನವರಿಗೆ ಇಂಥ ಗಂಡ ಸಿಕ್ಕಿಲ್ಲ.

ಟೀಚರು: ಲೈಬ್ರರಿ ಪುಸ್ತಕ ಕಳಿಸ್ತೀನಿ ಬೈಂಡರೇ. ಆದ್ರೆ ತಗೊಂಡು ಎತ್ತಿಡೋದು ಅಮ್ಮನೇ ಆಗಬೇಕು. ಎಲ್ಲಿಡ್ತೀರಮ್ಮ?

ಹೆಂಡತಿ: ಇನ್ನೆಲ್ಲಿ? ಜಂಬಲಲ್ಲಿ!

ಹೆಸರುಗಳು ಹಾಗೇ ಉಳಿದವು. ಮಗಳು ಹುಟ್ಟಿ ಹೆಜ್ಜೆ ಇಡಲು ಕಲಿತದ್ದೂ ಕ್ಲಟರಿನ ಕಾಲು ಹಿಡಿದುಕೊಂಡೇ. ಸ್ಲಾಪಿ ಎಂಬುದರಲ್ಲಿ ಬೈಗುಳ ಎಂದೋ ಸವೆದುಹೋಗಿ ಹೆಸರಷ್ಟೇ ಉಳಿಯಿತು. ಮುಪ್ಪಿನಲ್ಲಿ ಬೈಂಡರು ಹಾಸಿಗೆ ಹಿಡಿದಾಗ ಆ ಮಗಳೇ ಗಂಡನ ಮನೆಯಿಂದ ಬಂದು, ಬಂದ ಕೂಡಲೇ ಮನೆಯನ್ನೆಲ್ಲ ಒಪ್ಪ ಮಾಡಿ, ಔಷಧಿ ತರಲು ಹೋದಳು.

ಬೈಂಡರು: ಸ್ಲಾಪೀ...

ಹೆಂಡತಿ: ಏನ್ರೀ?

ಬೈಂಡರು: ಕನ್ನಡಕ ಕೊಡೇ. ನಿನ್ನ ಮುಖ ಮಂಜುಮಂಜಾಗಿದೆ. ಕ್ಲಟರಲ್ಲಿರುತ್ತೆ ನೋಡು.

ಹೆಂಡತಿ: ಎಲ್ಲಿಯ ಕ್ಲಟರು? ನಿಮ್ಮ ಮಗಳು ಎಲ್ಲಾ ಡಬ್ಬಿಗೆ ತುಂಬಿ ಮೇಜು ಬೋಳು ಮಾಡಿದಾಳೆ. ಯಾವ ಡಬ್ಬೀಲೋ ಏನೋ.

ಬೈಂಡರು ಕಣ್ಣು ಮುಚ್ಚಿಕೊಂಡೇ ನಕ್ಕರು. ಅವರು ಅವಳನ್ನು ಏನಾದರೂ ಕೇಳಿದ್ದು ಇದೇ ಕೊನೆ.

ಬೈಂಡರು: ಹಾಗಾದ್ರೆ ಅವಳು ಬರೋದ್ರೊಳಗೆ ಎಲ್ಲಾ ಸುರಿದು, ಮೊದಲಿನ ಹಾಗೇ ಹರಡಿಡೇ. ಕನ್ನಡಕ ತಾನಾಗೇ ಸಿಗುತ್ತೆ.