ಬಣವಿ ಮ್ಯಾಲಿನ ಫೋನು

ಹೊಸಾ ಸಾಮಾನ ಬಂತಂದ್ರ ನಮ್ಮ ಮನಿಗೆ ಮೊದಲ ಅಂಜಿಕಿ ಬರ್ತೈತಿ, ಸಾಮಾನ ಅದರ ಹಿಂದಿಂದ ಬರ್ತೈತಿ. ಗ್ಯಾಸ್ ಬಂದಾಗ ಹಿಂಗ ಆತು, ಮಿಕ್ಸರ್ ಬಂದಾಗೂ ಹಿಂಗ ಆತು. ಮನ್ನೆ ನಮ್ಮ ಮೊಮ್ಮಗಳು ಕೈಗಡಿಯಾರದ ಕೂಡ ಮಾತಾಡಾಕ ಹತ್ತಿದಾಗ ನಾ ಸುಮ್ಮನ ಒಳಗ ಹ್ವಾದೆ. ಆದ್ರ ಮೊಟ್ಟಮೊದಲ ಮೊಬೈಲ್ ಬಂದಾಗ ಅಂಜಿದಂಗ ನಾವು ಮುಂದ ಯಾವದಕ್ಕೂ ಅಂಜಿಲ್ಲ.

ನಮ್ಮದು ಸದಲಗಾ ಹತ್ರ, ದೂಧಗಂಗಾ ಹೊಳಿ ದಂಡಿಮ್ಯಾಗ ತೋಟದ ವಸ್ತಿ. ಹೊಳಿ ದಾಟಿದ್ರ ಮಹಾರಾಷ್ಟ್ರ. ಆವಾಗ ಮನಿಯಾಗ ಇದ್ದವ್ರು ನಾನು, ನಮ್ಮನಿಯವ್ರು, ನಮ್ಮ ಅತ್ತಿ, ಮತ್ತ ಚಂದ್ರಿ ಅನ್ನೂ ಎಮ್ಮಿ. ಅತ್ತಿಯವ್ರ ಲೆಕ್ಕದಾಗ ಚಂದ್ರಿ ಮೊದಲ, ಉಳದವ್ರು ಆಮ್ಯಾಲ. ಹೊತ್ತ ಮುಳುಗೂದ್ರಾಗ ಉಂಡ ಬಾಯಿ ಮುಕ್ಕಳಸೂ ಜೈನರ ಹೆಣಮಗಳು ಆಕಿ. ಆದ್ರ ಎಮ್ಮಿಗೆ ಮೇವ ಹಾಕಲಾರದ, ಹೊತ್ತ ಮುಳುಗಿ ಉಪಾಸ ಬಿದ್ರೂ ಸೈ, ತುತ್ತ ಎತ್ತತಿರಲಿಲ್ಲ.

ಅದರ ಹಿಂದಿನ ವರ್ಷ ಚಂದ್ರಿ ಈಯೂವಾಗ ಕರ ಒಳಗ ಸಿಕ್ಕೊಂಡಿತ್ತು. ನಮ್ಮನಿಯವ್ರು ಗಾಡಿ ಹತ್ತಿ ದನದ ಡಾಕ್ಟರನ್ನ ಹುಡಕಾಕ ಹೋದ್ರು. ಡಾಕ್ಟರ್ ಒಂದ ಊರಿಂದ ಇನ್ನೊಂದ ಊರಿಗೆ ಹೋಗ್ಯಾರ, ಇವ್ರು ಅವರ ಬೆನ್ನ ಹತ್ತಿ ತಿರಗ್ಯಾರ. ಸಿಕ್ಕ ಬರೂದ್ರಾಗ ಕರ ಸತ್ತಿತ್ತು. ಎಮ್ಮಿ ಉಳದದ್ದ ನಮ್ಮ ಪುಣ್ಯಾ. "ಇನ್ನೊಮ್ಮೆ ಹಿಂಗಾದ್ರ ಎಮ್ಮಿನೂ ಉಳ್ಯಾಂಗಿಲ್ರಿ" ಅಂದಿದ್ರು ಡಾಕ್ಟರ್. ಈಗ ಚಂದ್ರಿ ಮತ್ತ ಗಬ್ಬಾಗಿತ್ತು. ಡಾಕ್ಟರ್ ಕಿಸೆದಾಗ ಫೋನ್ ಇಟಗೊಂಡ ತಿರಗತಾರ ಅಂತ ಅತ್ತಿಗೆ ಯಾರೋ ಹೇಳಿದ್ರು. ಮುಗೀತು. "ನಮಗೂ ಒಂದ ತಾ" ಅಂತ ಮಗನ ಬೆನ್ನ ಹತ್ತಿದ್ರು.

ಹಾಲ ಕುಡಸೂದು

ನಮ್ಮನಿಯವ್ರು ನಿಪ್ಪಾಣಿಗೆ ಹೋಗಿ ಫೋನ್ ತಂದ್ರು. ಕರೀದು, ದಪ್ಪಂದು, ತಲಿಮ್ಯಾಗ ಒಂದ ಸಣ್ಣ ಕೊಂಬ. ಬಳಸೂದಕಿಂತ ಮೊದಲ ಪೂರಾ ಚಾರ್ಜ್ ಮಾಡಬೇಕು ಅಂತ ಅಂಗಡಿಯಂವ ಹೇಳಿ ಕಳಿಸಿದ್ದ. ಸಿಡೀತೈತಿ ಅಂತ ಅತ್ತಿ ಮನಿಯಾಗ ಹಚ್ಚಾಕ ಬಿಡಲಿಲ್ಲ. ಅದಕ್ಕ ಹೊಲದಾಗ ಮೋಟರ್ ಖೋಲಿಯೊಳಗ ಹಚ್ಚಿದ್ರು. ನಮ್ಮನಿಯವ್ರು ಬಾಗಲದಾಗ ಕಾವಲ ಕುಂತ್ರು. ನಾವಿಬ್ರೂ ಬೇವಿನ ಗಿಡದ ಮರಿಗೆ ನಿಂತ್ವಿ.

ಚಾರ್ಜಿಗೆ ಹಚ್ಚಿದಾಗ ಅದರ ಕಿಟಕಿಯಾಗ ಸಣ್ಣ ಸಣ್ಣ ಗೆರಿ ಕೆಳಗಿಂದ ಮ್ಯಾಲ ಏರತಿದ್ವು. ತುದಿ ಮುಟ್ಟಿದ ಕೂಡ್ಲೆ ಮತ್ತ ಕೆಳಗ ಬಂದ ಬೀಳತಿದ್ವು. ಅದು ಅದರ ರೀತಿ. ಆದ್ರ ನಮ್ಮನಿಯವ್ರಿಗೆ ಯಾರ ಹೇಳಬೇಕು? ಕರೆಂಟ್ ಏರಿ ಇಳದ ಎರಡ ಮೋಟರ್ ಸುಟ್ಟಗೊಂಡ ಮನಶಾ ಅವ್ರು. "ಅಯ್ಯಯ್ಯ, ವೋಲ್ಟೇಜ್ ಕುಣ್ಯಾಕತ್ತೈತಿ" ಅಂತ ಎದ್ದ ಓಡಿ ವಾಯರ್ ಕಿತ್ತರು. ಒಂದಿಷ್ಟೊತ್ತ ಬಿಟ್ಟ ಮತ್ತ ಹಚ್ಚಿದ್ರು. ಗೆರಿ ಏರಿ ಇಳದ್ವು, ಮತ್ತ ಕಿತ್ತರು. ನಾನೂ ಇನ್ನೊಂದೀಟ ಹಿಂದ ಸರದೆ, ಸುಳ್ಳ ಯಾಕ ಹೇಳ್ಲಿ. ಸಂಜಿ ಆತು, ಫೋನಿನ ಹೊಟ್ಟಿ ಖಾಲಿನ ಇತ್ತು.

ಅತ್ತಿ ಗಿಡದ ಮರಿಯಿಂದನ ಕೇಳಿದ್ರು, "ಯಪ್ಪಾ, ನೀ ಕೂಸಿಗೆ ಹಾಲ ಕುಡಸಾಕತ್ತೀಯೋ, ಬಿಡಸಾಕತ್ತೀಯೋ?"

ಬೋರಿನ ಆಳ

ಅಂತೂ ನಮ್ಮನಿಯವ್ರು ವಾಯರ್ ಕೀಳೂದ ಬಿಟ್ಟ ಮ್ಯಾಲ ಫೋನ್ ಹೊಟ್ಟಿ ತುಂಬತು. ಯಾರಾರ ಕದ್ದ ಒಯ್ದ್ರೂ ಮಾತಾಡಾಕ ಬರಬಾರದು ಅಂತ ಅಂಗಡಿಯಂವ ನಾಕ ಅಂಕಿ ಹಾಕಿ ಕೀಲಿ ಮಾಡೂದ ಕಲಿಸಿದ್ದ. ಮೂರ ಸಲ ತಪ್ಪ ಒತ್ತಿದ್ರ ಗಟ್ಟ್ಯಾಗಿ ಮುಚ್ಚಗೋತೈತಿ, ಮತ್ತ ಕಂಪನಿಯವ್ರ ಕಾಲ ಹಿಡೀಬೇಕಾಕ್ಕೈತಿ ಅಂತನೂ ಅಂಜಿಸಿ ಕಳಿಸಿದ್ದ. ನಮ್ಮನಿಯವ್ರು ತಮ್ಮ ಮನಸಿನಾಗ ಇರೂ ಅಂಕಿ ಹಾಕ್ಯಾರ. ಯಾರಿಗೂ ಹೇಳಿಲ್ಲ, ಕಟಗೊಂಡ ಹೇಣ್ತಿಗೂ ಹೇಳಿಲ್ಲ.

ಮರುದಿನ ಮುಂಜಾನೆ ಒತ್ತಿದ್ರು, ತಪ್ಪಂತು. ಮತ್ತೊಮ್ಮೆ ಒತ್ತಿದ್ರು, ತಪ್ಪಂತು. ಮೂರನೇ ಸಲ ಒತ್ತಲಾರದ ಫೋನನ್ನ ಟವೆಲ್ಲಿನಾಗ ಸುತ್ತಿ ದೇವರ ಮಾಡದಾಗ ಇಟ್ರು. ಚಂದ್ರಿ ಆ ಕಡೆ ದಿನಾ ತುಂಬಾಕತ್ತೈತಿ, ಈ ಕಡೆ ಫೋನ್ ಬಾಯಿ ಮುಚಗೊಂಡ ದೇವರ ಮುಂದ ಕುಂತೈತಿ. ಅತ್ತಿ ಣಮೋಕಾರ ಮಂತ್ರ ಅನಕೋತ ಅದರ ಮುಂದಿಂದ ಹಾದ ಹೋಗ್ತಿದ್ರು.

ಕಡೀಕ ಅವ್ರ ಮಗನ್ನ ಕುಂದ್ರಿಸಿಕೊಂಡ ಕೇಳಿದ್ರು, "ಏನ ಅಂಕಿ ಹಾಕಿದ್ದಿ, ಬೊಗಳು."

"ನಮ್ಮ ಬೋರಿಗೆ ನೀರ ಹತ್ತಿದ ಆಳ, ಮುಂದ ಒಂದ ಸೊನ್ನಿ ಹಚ್ಚಿ ಹಾಕಿದ್ದೆ ಬೇ ಅವ್ವಾ" ಅಂದ್ರು ಇವ್ರು, ದನಿ ಸಣ್ಣದ ಮಾಡಿ.

ನಮ್ಮ ಕಡೆ ನೀರು ಎಷ್ಟ ಮ್ಯಾಲ ಹತ್ತಿದ್ರ ಅಷ್ಟ ಆ ಹೊಲದ ಮಾನ. ನಮ್ಮನಿಯವ್ರು ಕಟ್ಟಿಮ್ಯಾಗ ಕುಂತ ಆ ಮಾತ ತಗದಾಗೊಮ್ಮೆ ನೀರು ಒಂದೀಟ ಮ್ಯಾಲ ಬರ್ತಿತ್ತು. ಕೀಲಿಗೆ ಖರೇ ಆಳ ಹಾಕಿದ ರಾತ್ರಿನೂ ಹಿಂಗ ಹೇಳಿ ಹೇಳಿ, ಮುಂಜಾನೆ ಅನ್ನೂದ್ರಾಗ ಖರೇದು ಎಷ್ಟಂತ ಅವರಿಗ ಮರತ ಹೋಗಿತ್ತು. ಬೋರ ಹೊಡಿಯೂವಾಗ ಕದಲದ ಕುಂತ ನೋಡಿದಾಕಿ ಅತ್ತಿ. ಖರೇ ಆಳ ಹೇಳಿದ್ರು. ಇವ್ರು ಕಣ್ಣ ಮುಚ್ಚಿ ಒತ್ತಿದ್ರು. ತಗೀತು.

"ನೀ ಹೇಳೂ ಸುಳ್ಳಿಗೆ ಮಂದಿ ಬಾಗಲಾ ತಗೀತಾರ" ಅಂದ್ರು ಅತ್ತಿ, "ಈ ಡಬ್ಬಿ ತಗ್ಯಾಂಗಿಲ್ಲ ನೋಡಪಾ."

ಮೇವಲ್ಲ ಅದು

ಕೀಲಿ ತಗೀತು ಅಂದ್ರ ಫೋನ್ ಹತ್ತಿತು ಅಂತಲ್ಲ. ಅದರ ಕಿಟಕಿಯಾಗ ಮಹಾರಾಷ್ಟ್ರದ ಟವರ್ ಹೆಸರ ಬರಾಕ ಹತ್ತಿತು. ನಮ್ಮ ಕಾರ್ಡ್ ಕರ್ನಾಟಕದ್ದು, ಆ ಟವರಿನಾಗ ನಡೀತಿರಲಿಲ್ಲ. ನಮ್ಮನಿಯವ್ರು ಅದನ್ನ ಓದಿ ಹೇಳಿದ್ದಕ್ಕ ಅತ್ತಿ ಮಾರಿ ಇಳೀತು. "ನಮ್ಮನ್ನ ಕೇಳಲಾರದ ನಮ್ಮೂರನ್ನ ಮಹಾರಾಷ್ಟ್ರದಾಗ ಹಾಕ್ಯಾರೇನೋ? ಊರಾಗ ಹೋಗಿ ಒಮ್ಮೆ ಕೇಳ್ಕೊಂಡ ಬಾ" ಅಂದ್ರು. ಗಡಿಯ ಮಂದಿಗೆ ಈ ಅಂಜಿಕಿ ಹುಟ್ಟಾ ಬಂದದ್ದು.

ನಮ್ಮನಿಯವ್ರು ಫೋನ್ ಎತ್ತಿ ಹಿಡದ ಕರ್ನಾಟಕ ಹುಡಕಾಕ ಹೋದ್ರು. ಕಬ್ಬಿನ ಬದುವಿನಾಗ ಸಿಗಲಿಲ್ಲ. ಮಾಳಗಿಮ್ಯಾಗ ಸಿಗಲಿಲ್ಲ. ಕಡೀಕ ಕೊಟ್ಟಗಿ ಬಾಜೂಕ ಇದ್ದ ಜ್ವಾಳದ ಕಣಿಕಿ ಬಣವಿಗೆ ನಿಚ್ಚಣಿಕಿ ಹಚ್ಚಿ ತುದಿಗೆ ಏರಿ ನಿಂತಾಗ ಸಿಕ್ತು. ಅಲ್ಲಿಂದನ ಡಾಕ್ಟರಿಗೆ ಹಚ್ಚಿದ್ರು. "ಏನಾರ ಆದ್ರ ಯಾವಾಗ ಬೇಕಾದ್ರೂ ಹಚ್ಚರಿ" ಅಂದ್ರಂತ. ನಮಗ ಜೀವ ಬಂದಂಗಾತು.

ಆದ್ರ ಆ ಸಮಾಧಾನ ಭಾಳ ಹೊತ್ತ ಉಳೀಲಿಲ್ಲ. ಸಂಜಿಮುಂದ ನಾ ಯಾವತ್ತಿನಂಗ ಬಣವಿಯಿಂದ ಒಂದ ಹೊರಿ ಕಣಿಕಿ ಹಿರದ ಚಂದ್ರಿ ಮುಂದ ಹಾಕಾಕ ಹೊಂಟಿದ್ದೆ. ಅತ್ತಿ ಬಂದವ್ರ ನನ್ನ ಕೈಯಾಗಿಂದ ಹೊರಿ ಕಸಗೊಂಡ್ರು.

"ತಂಗಿ, ಎಮ್ಮಿ ಇದನ್ನ ತಿಂದ್ರ ಬಣವಿ ಇಳೀತೈತಿ. ಬಣವಿ ಇಳದ್ರ ಟವರ್ ಹೋಗ್ತೈತಿ. ಟವರ್ ಹೋದ್ರ ಡಾಕ್ಟರ್ ಸಿಗಾಂಗಿಲ್ಲ. ಡಾಕ್ಟರ್ ಸಿಗಲಿಲ್ಲಂದ್ರ ಎಮ್ಮಿ?"

ಲೆಕ್ಕ ಖರೇನ ಇತ್ತು. ಅವತ್ತಿನಿಂದ ಬಣವಿ ಮುಟ್ಟೂದ ಬಂದ್. ಅತ್ತಿ ಮುಂಜಾನೆದ್ದ ಮೊದಲ ಬಣವಿ ತುದಿ ನೋಡಿ ಆಮ್ಯಾಲ ಮಾರಿ ತೊಳಕೋತಿದ್ರು. ಒಂದಿನ ಚಂದ್ರಿ ಹಗ್ಗಾ ಹರಕೊಂಡ ಹೋಗಿ ಬಣವಿ ಮೂಲಿಗೆ ಬಾಯಿ ಹಾಕಿದಾಗ ನಾವು ಮೂರೂ ಮಂದಿ, ಕಳ್ಳ ಬಂದಂಗ, ಓಡಿದ್ವಿ. ಅದು ತಿನ್ನೂದು ತನ್ನ ಡಾಕ್ಟರನ್ನ ಅಂತ ಆ ಮೂಕ ಪ್ರಾಣಿಗೆ ಹೆಂಗ ತಿಳೀಬೇಕು.

ನಾನೂ ಅತ್ತಿಯೂ ಬಾಜೂ ವಸ್ತಿಗೆ ಹೋಗಿ ಮೇವ ಕೇಳಿದ್ವಿ. ಆ ಮನಿ ಕಾಕಾ ನಮ್ಮ ಬಣವಿ ಕಡೆ ಕೈ ಮಾಡಿ, "ಏನ ಕಾಕೂ, ಇಷ್ಟ ದೊಡ್ಡ ಬಣವಿ ಒಟ್ಟಿಕೊಂಡ ನಮ್ಮ ಹಂತ್ಯಾಕ ಮೇವ ಬೇಡಾಕ ಬಂದೀರಲ್ಲ?" ಅಂದ.

"ಅದು ಮೇವಲ್ಲೋ ತಮ್ಮಾ" ಅಂದ್ರು ಅತ್ತಿ, "ಅದು ನಮ್ಮ ಫೋನು."

ಒಂದ ಅಕ್ಷರ ಬಿಡಬ್ಯಾಡ

ಆ ದಿನಾ ಬಂತು. ಮೂರ ದಿನದ ಜಡಿ ಮಳಿ. ಹಳ್ಳದ ಪೂಲಿನ ಮ್ಯಾಲ ನೀರ ಬಂದ ದಾರಿ ಬಂದ್ ಆಗಿತ್ತು. ಮುಂಜಾನೆ ನಾ ಕೊಟ್ಟಗಿಗೆ ಹೋದ್ರ ಚಂದ್ರಿ ಮುಕ್ಕರ್ಯಾಕ ಹತ್ತಿತ್ತು, ಕರದ ಒಂದ ಕಾಲ ಅಷ್ಟ ಹೊರಗ ಕಾಣ್ತಿತ್ತು. ಹೋದ ವರ್ಷನೂ ಒಂದ ಕಾಲನ ಕಂಡಿತ್ತು. ನಾ ಒದರಿ ಅತ್ತಿನ್ನ ಕರದೆ.

ಅತ್ತಿ ಬಂದ ನೋಡಿದ್ರು. ಮಗನ ತಲಿಗೆ ಗೊಬ್ಬರ ಚೀಲದ ಕೊಪ್ಪಿ ಹಾಕಿ ಬಣವಿ ಏರಿಸಿದ್ರು. "ಡಾಕ್ಟರ್ ಏನ ಹೇಳ್ತಾರ ಅಷ್ಟೂ ಒದರು. ಒಂದ ಅಕ್ಷರ ಬಿಡಬ್ಯಾಡ. ನಿನ್ನ ಬುದ್ಧಿ ಹಚ್ಚಾಕ ಹೋಗಬ್ಯಾಡ" ಅಂದ್ರು.

ನಮ್ಮನಿಯವ್ರಿಗೆ ಎತ್ತರ ಅಂದ್ರ ಆಗೂದಿಲ್ಲ. ಒಂದ ಕೈಯಾಗ ಬಣವಿ ನಡುವ ನೆಟ್ಟ ಗಳಾ ತಬ್ಬಿಕೊಂಡು, ಇನ್ನೊಂದ ಕೈಯಾಗ ಫೋನ್ ಕಿವಿಗೆ ಹಿಡದು, ಕಣ್ಣ ಗಟ್ಟ್ಯಾಗಿ ಮುಚ್ಚಿ ಒದರಾಕ ಸುರು ಮಾಡಿದ್ರು.

"ಕೈ ಸಾಬಾಣ ಹಚ್ಚಿ ತೊಳಕೋರಿ!"

ಅತ್ತಿ ತೊಳಕೊಂಡ್ರು.

"ಮಣಕೈತನಕಾ ಎಣ್ಣಿ ಹಚ್ಚರಿ! ಕಾಲ ಹಿಡದ ಎಳೀಬ್ಯಾಡ್ರಿ! ಹಿಂದಕ ಸಾವಕಾಶ ದಬ್ಬರಿ!"

ಅತ್ತಿ ದಬ್ಬಿದ್ರು. ಚಂದ್ರಿ ನರಳಿದ್ದ ಕೇಳಿ ನಾ ಕಿವಿ ಮುಚಗೊಂಡೆ.

"ಇನ್ನೊಂದ ಕಾಲು ಒಳಗ ಮಡಚಿಕೊಂಡಿರತೈತಿ! ಗೊರಸ ಅಂಗೈಯಾಗ ಮುಚ್ಚಿ ಹಿಡದ ಮ್ಯಾಕ ತರ್ರಿ!"

ಅತ್ತಿ ಹಣಿಮ್ಯಾಗ ಬೆವರ ಇಳ್ಯಾಕ ಹತ್ತಿತು. "ಸಿಕ್ತು... ಇಲ್ಲ, ಜಾರತು... ಅರಿಹಂತಾ" ಅನ್ನಾಕತ್ತಿದ್ರು. ಅಷ್ಟರಾಗ ಮ್ಯಾಲಿಂದ ಬಂತು:

"ಒಂದ ಚಹಾ ಮಾಡು! ಸಕ್ಕರಿ ಕಮ್ಮಿ ಹಾಕು!"

ನಾ ಅತ್ತಿ ಮಾರಿ ನೋಡಿದೆ. "ಎಮ್ಮಿಗೆ ಚಹಾ ಏನ್ರಿ ಅತ್ತಿ?"

"ಡಾಕ್ಟರ್ ಹೇಳ್ಯಾರ. ನಿಂದರಬ್ಯಾಡ, ಓಡು."

ಓಡಿದೆ. ಎಮ್ಮಿ ಅಳತಿ ಹಿಡದ ದೊಡ್ಡ ಪಾತೇಲಿ ಇಟ್ಟ ಚಹಾ ಕುದಸಾಕ ಹಾಕಿದೆ. ಅಡಗಿಮನಿ ಕಿಟಕಿಯಾಗಿಂದ ನಮ್ಮನಿಯವರ ದನಿ ಇನ್ನೂ ಜೋರ ಕೇಳಿಸ್ತು.

"ನಿಮ್ಮಪ್ಪ ಬರ್ತಾನಂದ್ರ ನಾ ಮನಿಯಾಗ ಇರಾಂಗಿಲ್ಲ! ಹೋದ ಸಲ ಬಂದಾಂವ ಹಬ್ಬಾ ಮುಗದ್ರೂ ಎದ್ದ ಹೋಗಲಿಲ್ಲ! ಇದ್ದಷ್ಟ ದಿನಾ ನನ್ನ ಖುರ್ಚಿ ಬಿಟ್ಟ ಇಳೀಲಿಲ್ಲ!"

ನನ್ನ ಕಣ್ಣಾಗ ನೀರ ಬಂದ್ವು. ನಮ್ಮಪ್ಪ ನಮ್ಮ ಮನಿಗೆ ಬಂದ್ರ ಕಂಬಳಿಮ್ಯಾಗ ಕುಂದರಾಕನೂ ನಾಚಿಕೊಳ್ಳೂ ಮನಶಾ. ಎಮ್ಮಿ ಸಾಯಾಕತ್ತಾಗ, ಮಳಿಯಾಗ, ಬಣವಿ ಏರಿ ನಿಂತ ಈ ಮಾತ ಆಡಬೇಕಾದ್ರ ಇವರ ಹೊಟ್ಟ್ಯಾಗ ಎಷ್ಟ ದಿನದಿಂದ ಇತ್ತೋ! ಪಾತೇಲಿ ಹಿಡಕೊಂಡ ಮುಸು ಮುಸು ಅಳಕೋತ ಕೊಟ್ಟಗಿಗೆ ಬಂದ್ರ ಅತ್ತಿ ಬ್ಯಾರೇನ ಚಿಂತಿಯಾಗ ಇದ್ರು.

"ಚಂದ್ರಿ ಅಪ್ಪನ ಸುದ್ದಿ ಈಗ್ಯಾಕ ತಗದಾರ ತಂಗಿ ಡಾಕ್ಟರು? ಆ ಕೋಣ ಸತ್ತ ಎಷ್ಟೋ ವರ್ಷಾತಲ್ಲ."

ಆವಾಗ ನನ್ನ ತಲಿಯಾಗ ಬೆಳಕ ಬಿತ್ತು. ಡಾಕ್ಟರ್ ತಮ್ಮ ಮನಿಯಾಗ ಫೋನ್ ಹಿಡಕೊಂಡ ಕುಂತಾರ, ಬಾಜೂಕ ಅವರ ಹೇಣ್ತಿ ನಿಂತಾರ. ಅವರ ಕೂಡ ಆಡಿದ್ದನ್ನೂ ಇವ್ರು ಒಂದ ಅಕ್ಷರ ಬಿಡಲಾರದ ಒದರಾಕತ್ತಾರ. ಹೇಳಾಕ ಬಾಯಿ ತಗದೆ. ಅಷ್ಟರಾಗ ಅತ್ತಿ ಎಡಗೈಲೆ ಪಾತೇಲಿ ಮುಟ್ಟಿ ನೋಡಿ, ದನಕ್ಕ ಔಷಧ ಕುಡಸೂ ಬಿದರಿನ ಗೊಟ್ಟ ನನ್ನ ಕೈಯಾಗ ಕೊಟ್ಟ, "ತಣ್ಣಗ ಮಾಡಿ ಹಾಕು" ಅಂದ್ರು. ಆ ಹೊತ್ತಿನಾಗ ಅವರ ಮಾತ ಮೀರೂ ಧೈರ್ಯ ನನಗಿರಲಿಲ್ಲ. ಹಾಕಿದೆ. ಚಂದ್ರಿ ಒಂದ ಗೊಟ್ಟ ಕುಡೀತು, ಮೂತಿ ನೆಕ್ಕಿಕೊಂತು, ಇನ್ನೊಂದಕ್ಕ ಬಾಯಿ ತಗೀತು.

"ಸಿಕ್ತು" ಅಂದ್ರು ಅತ್ತಿ. ಎರಡನೇ ಕಾಲು ಹೊರಗ ಬಂತು, ಅದರ ಹಿಂದ ಮೂತಿ, ಅದರ ಹಿಂದ ಜರ್ರಂತ ಪೂರಾ ಕರ. ಕೆಳಗ ಬಿದ್ದದ್ದು ಅಲಗ್ಯಾಡಲಿಲ್ಲ. ಅತ್ತಿ ಅದರ ಮೂಗಿನಾಗಿನ ಲೋಳಿ ತಗದು, ಕಣಿಕಿಲೆ ಮೈ ತಿಕ್ಕಿ ತಿಕ್ಕಿ ಇಟ್ರು. ಕರ ಒಮ್ಮೆ ಸೀನಿತು. ಹೆಣ್ಣಗರ. ಅತ್ತಿ ಅಲ್ಲೇ ಸಗಣ್ಯಾಗ ಕುಂತ ಸೆರಗ ಮಾರಿಗೆ ಹಚಗೊಂಡ ಅತ್ರು, ನಾನೂ ಅತ್ತೆ. ಮ್ಯಾಲಿಂದ ನಮ್ಮನಿಯವ್ರು "ಏನಾತು? ಲೇ, ಏನಾತು?" ಅಂತ ಒದರಾಕತ್ತಿದ್ರು. ಅವರ ನೆನಪ ಯಾರಿಗೂ ಇರಲಿಲ್ಲ.

ಮಧ್ಯಾಹ್ನಕ್ಕ ಮಳಿ ನಿಂತು ಹಳ್ಳ ಇಳದ ಮ್ಯಾಲ ಡಾಕ್ಟರ್ ಬಂದ್ರು. ಎಮ್ಮಿ ನೋಡಿದ್ರು, ಕರ ನೋಡಿದ್ರು, ಭಾಳ ಖುಷಿ ಆದ್ರು.

"ಎಲ್ಲಾ ನಿಮ್ಮ ಔಷಧದ ಪುಣ್ಯಾರಿ ಸಾಹೇಬ್ರ" ಅಂದ್ರು ಅತ್ತಿ. "ನೀವು ಹೇಳಿದಂಗ ಸಕ್ಕರಿ ಕಮ್ಮಿನ ಹಾಕಿದ್ವಿ."

ಡಾಕ್ಟರ್ ಪಾತೇಲಿ ನೋಡಿದ್ರು, ಗೊಟ್ಟ ನೋಡಿದ್ರು, ನಮ್ಮನಿಯವ್ರನ್ನ ನೋಡಿದ್ರು. ಆಮ್ಯಾಲ ನನ್ನ ಕಡೆ ಬಂದು ಸಾವಕಾಶ ಕೇಳಿದ್ರು, "ಅಕ್ಕಾರ, ಇವ್ರು ಇನ್ನೇನೇನ ಒದರ್ಯಾರ್ರಿ?"

ನಾ ನೆಲಾ ನೋಡಕೋತ ಹೇಳಿದೆ. "ನಿಮ್ಮ ಮಾವನೋರದು... ಹಬ್ಬದ್ದು... ಖುರ್ಚಿದು..."

"ಯಾರ್ಯಾರಿಗೆ ಕೇಳೇತ್ರಿ?"

"ನಮ್ಮ ವಸ್ತಿಗೆ ಅಷ್ಟೂ ಕೇಳೇತ್ರಿ. ಹೊಳಿ ಆಚಿಕಿನ ಮಂದಿನೂ ದಂಡಿಗೆ ಬಂದ ನಿಂತಿದ್ರು."

ಡಾಕ್ಟರ್ ಸಾವಕಾಶ ಕಣಿಕಿ ಹೊರಿಮ್ಯಾಗ ಕುಂತ್ರು. "ನಮ್ಮ ಮಾವನ ಮನಿ ಹೊಳಿ ಆಚಿಕಿನ ಐತ್ರಿ" ಅಂದ್ರು.

ಅತ್ತಿಗೆ ಪಾಪ ಅನಿಸ್ತು. "ಅಂಜಬ್ಯಾಡ್ರಿ ಸಾಹೇಬ್ರ. ಅವ್ರು ಮಹಾರಾಷ್ಟ್ರದವ್ರು, ಕನ್ನಡ ಎಲ್ಲಿ ತಿಳೀತೈತಿ."

"ಎರಡೂ ಬರ್ತಾವ್ರಿ ಅಜ್ಜಿ. ಮಾತಾಡೂದು ಮರಾಠಿ, ಜಗಳಾ ತಗ್ಯೂದು ಕನ್ನಡದಾಗ."

ಚಂದ್ರಿ ಕರಾ ನೆಕ್ಕಕೋತ ಆರಾಮ ನಿಂತಿತ್ತು. ಡಾಕ್ಟರ್ ಅದನ್ನೊಮ್ಮೆ ನೋಡಿ, ತಮ್ಮ ಚೀಲ ತಂದ ಕೊಟ್ಟಗಿ ಗೂಟಕ್ಕ ತೂಗ ಹಾಕಿದ್ರು.

"ಎಮ್ಮಿ ಭಾಳ ದಣದೈತ್ರಿ ಅಜ್ಜಿ" ಅಂದ್ರು, "ಎರಡ ದಿನಾ ನಾ ಇಲ್ಲೇ ಇದ್ದ ನೋಡ್ಕೋತೀನಿ."