ಉತುಪ್‌ನ ಹಿಮ್ಮಡಿ, ತ್ಯಾಂಪಣ್ಣನ ಗೋಡೆ

ಕಡಬ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಉತುಪ್‌ನಿಗೆ ಬೆಳಿಗ್ಗೆ ಮಂಚದಿಂದ ಇಳಿಯುವುದೆಂದರೆ ಬಾವಿಗೆ ಇಳಿಯುವಷ್ಟು ಭಯ. ಕಾಲು ನೆಲಕ್ಕೆ ತಾಗಿದ್ದೇ ತಡ, ಬಲ ಹಿಮ್ಮಡಿಗೆ ಯಾರೋ ಕೆಳಗಿನಿಂದ ಮೊಳೆ ಹೊಡೆದಂತಾಗುತ್ತಿತ್ತು. ದಿನವಿಡೀ ಮೊಳೆ ಮಾರುವವನಿಗೆ ಈ ಹೋಲಿಕೆಯನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಸ್ವಲ್ಪ ಕುಂಟಿದ ಮೇಲೆ ನೋವು ಇಳಿಯುತ್ತಿತ್ತು. ಅಂಗಡಿಯಲ್ಲಿ ಕುಳಿತು ಎದ್ದರೆ ಮತ್ತೆ ಮೊಳೆ.

ಪುತ್ತೂರಿನ ಡಾಕ್ಟರಮ್ಮ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಉತುಪ್ ತನ್ನ ಮನೆಮಾತು ಮಲಯಾಳಂನಲ್ಲಿ ತಾಯಿಯನ್ನು ಕರೆದ. ಅವರಿಗೆ ಅಷ್ಟೇ ಸಾಕಾಯಿತು. ಹಿಮ್ಮಡಿಯಿಂದ ಬೆರಳುಗಳವರೆಗೆ ಅಂಗಾಲಿನಡಿ ಒಂದು ಗಟ್ಟಿ ಪಟ್ಟಿ ಇರುತ್ತದೆ, ನಿಂತು ನಿಂತು ಅದು ದಣಿದಿದೆ, ರಾತ್ರಿ ಮಲಗಿದಾಗ ಬಿಗಿದುಕೊಂಡು ಬೆಳಗಿನ ಮೊದಲ ಹೆಜ್ಜೆಗೆ ಜಗ್ಗುತ್ತದೆ ಎಂದು ವಿವರಿಸಿದರು. ಒಂದು ಇಂಜೆಕ್ಷನ್ ಚುಚ್ಚಿಬಿಡಿ ಎಂದು ಉತುಪ್ ಅಂಗಲಾಚಿದರೂ ಒಪ್ಪಲಿಲ್ಲ. ಮೆತ್ತನೆಯ ಚಪ್ಪಲಿ ಹಾಕಿ, ಐಸ್ ಆದ ನೀರಿನ ಬಾಟಲಿಯನ್ನು ಅಂಗಾಲಿನಡಿ ಉರುಳಿಸಿ ಎಂದು ಹೇಳಿ, ಒಂದು ವ್ಯಾಯಾಮವನ್ನೂ ತೋರಿಸಿದರು. ಗೋಡೆಗೆ ಎರಡೂ ಅಂಗೈ ಊರಿ, ನೋಯುವ ಕಾಲನ್ನು ಹಿಂದಕ್ಕೆ ಚಾಚಿ, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಿ ದೂಡಬೇಕು. ಬಿಡದೆ ಮಾಡಿದರೆ ಕೆಲವು ತಿಂಗಳಲ್ಲಿ ಗುಣ.

ಆದರೆ ದೂಡಲು ಗೋಡೆ ಬೇಕಲ್ಲ. ಮಗಳ ನಿಶ್ಚಿತಾರ್ಥಕ್ಕೆಂದು ಉತುಪ್‌ನ ಮನೆಗೆ ಒಳಗೂ ಹೊರಗೂ ಆಗಷ್ಟೇ ಬಣ್ಣ ಬಳಿದಾಗಿತ್ತು. ಅದರ ಮೇಲೆ ಕೈಯ ಗುರುತು ಬಿದ್ದರೆ ಹಿಮ್ಮಡಿಯಲ್ಲದೆ ಬೇರೆ ಕಡೆಯೂ ನೋಯಬಹುದೆಂದು ಹೆಂಡತಿ ಜಿಷಾ ಎಚ್ಚರಿಸಿದಳು. ಹಾಗಾಗಿ ಮರುದಿನ ಬೆಳಿಗ್ಗೆ ಉತುಪ್ ಅಡುಗೆಮನೆಯ ಹಿಂದಿನ ಕಂಪೌಂಡ್ ಗೋಡೆಗೆ ಕೈಯೂರಿ ನಿಂತ.

ಅದು ನೆರೆಮನೆಯ ತ್ಯಾಂಪಣ್ಣ ಕಟ್ಟಿಸಿದ ಗೋಡೆ. ಗಡಿ ಎಲ್ಲಿ ಎಂಬುದರ ಬಗ್ಗೆ ವರ್ಷಗಟ್ಟಲೆ ಜಗಳವಾಡಿ, ಕೊನೆಗೆ ತ್ಯಾಂಪಣ್ಣ ತನಗೆ ಸರಿಕಂಡಲ್ಲಿ, ಅಡಿಪಾಯವನ್ನೂ ಹಾಕದೆ ಕೆಂಪು ಕಲ್ಲು ಪೇರಿಸಿ, ಗೆದ್ದೆನೆಂಬ ಸಂತೋಷದಲ್ಲಿದ್ದ. ಈಗ ಹಲ್ಲುಜ್ಜುತ್ತ ಅಂಗಳಕ್ಕೆ ಬಂದವನಿಗೆ, ಉತುಪ್ ಮುಖ ಕಿವುಚಿಕೊಂಡು ಮುಲುಗುತ್ತ ತನ್ನ ಗೋಡೆಯನ್ನು ದೂಡುವುದು ಕಂಡಿತು.

"ಎಂತ ಚೇಟಾ, ಗೋಡೆ ದೂಡುದು?" ಎಂದ, ಮಲಯಾಳಿಗಳನ್ನು ಅಣ್ಣಾ ಎಂದು ಕರೆಯುವ ಊರಿನ ರೂಢಿಯಲ್ಲಿ.

"ದೂಡುದಲ್ಲ ತ್ಯಾಂಪಣ್ಣ, ವ್ಯಾಯಾಮ. ಹಿಮ್ಮಡಿ ನೋವು ಉಂಟು."

"ನೋವು ಕಾಲಿಗೆ, ದೂಡುದು ಕೈಯಲ್ಲಿ. ನಾನು ಅಷ್ಟು ಪೆದ್ದ ಅಂತ ಮಾಡಿದ್ದೀರಾ?"

ಬಾಯಿಯ ನೊರೆ ಉಗಿಯಲೂ ನಿಲ್ಲದೆ ತ್ಯಾಂಪಣ್ಣ ಫೋನು ಮಾಡಿದ. ಹಿಂದೆ ರಾಜಿ ಮಾಡಿಸಿದ್ದ ಜಿನಸಿ ಅಂಗಡಿಯ ಅಲಿ ಕುಂಞಿ ಸ್ಕೂಟರಿನಲ್ಲಿ ಬಂದರು. ಪಂಚಾಯತ್ ಸದಸ್ಯೆ ಸತ್ಯವತಿಯೂ ಬಂದರು. ರಸ್ತೆ ಅಳೆಯಲು ಸರ್ವೆಯವರು ಬರುವವರಿದ್ದಾರೆ, ಬೇಗ ಮುಗಿಸಿ ಎಂದು ಆಕೆ ಮೊದಲೇ ಹೇಳಿದರು.

ಹೇಗೆ ಮಾಡುವುದೆಂದು ತೋರಿಸಲು ಅಲಿ ಕುಂಞಿ ಹೇಳಿದರು. ಉತುಪ್ ತೋರಿಸಿದ. ಅಲಿ ಕುಂಞಿಯವರ ಮುಖ ನಿಧಾನವಾಗಿ ಬದಲಾಯಿತು. ಅವರ ಹಿಮ್ಮಡಿಯೂ ಕಳೆದ ಮಳೆಗಾಲದಿಂದ ನೋಯುತ್ತಿತ್ತು. ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ತುಳಿದು ತುಳಿದು ಕಾಲು ಸುಟ್ಟುಕೊಂಡದ್ದಷ್ಟೇ ಬಂದ ಲಾಭ. ಅವರು ಉತುಪ್‌ನ ಪಕ್ಕಕ್ಕೆ ಹೋಗಿ ಗೋಡೆಗೆ ಕೈಯೂರಿದರು.

"ಹೌದು ಮಾರಾಯ್ರೆ, ಅಡಿಯಿಂದಲೇ ಎಳೀತದೆ," ಎಂದರು.

ಸತ್ಯವತಿ ಸೆರಗು ಸಿಕ್ಕಿಸಿಕೊಂಡು ತಾವೂ ಸೇರಿದರು. ಮೀಟಿಂಗುಗಳಲ್ಲಿ ನಿಂತು ಭಾಷಣ ಮಾಡಿದ್ದಕ್ಕೆ ಅವರಿಗೂ ಅದೇ ಬಹುಮಾನ ಸಿಕ್ಕಿತ್ತಂತೆ. ಮೂವರು ಸಾಲಾಗಿ, ಕೆಸರಿನಲ್ಲಿ ಹೂತ ಜೀಪು ದೂಡುವವರ ಹಾಗೆ ಬಾಗಿದರು.

ನ್ಯಾಯ ಹೇಳಲು ಕರೆಸಿದವರೆಲ್ಲ ಉತುಪ್‌ನ ಪಕ್ಷ ಸೇರಿದ್ದು ಕಂಡು ತ್ಯಾಂಪಣ್ಣನ ಪಿತ್ತ ನೆತ್ತಿಗೇರಿತು. ಅವರು ಆಚೆಯಿಂದ ದೂಡಿದರೆ ತಾನು ಈಚೆಯಿಂದ ದೂಡುವುದೆಂದು ಗೋಡೆಗೆ ಎರಡೂ ಕೈ ಊರಿ, ಕಾಲು ಹಿಂದಕ್ಕೆ ಚಾಚಿ ಬಲ ಹಾಕಿದ. ಹಾಕುತ್ತ ಹಾಕುತ್ತ ಅವನಿಗೂ ಹಾಯೆನಿಸತೊಡಗಿತು. ಹಿಮ್ಮಡಿ ನೋವನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಗೋಡೆಯ ಎರಡೂ ಕಡೆಯಿಂದ ಸಮಾಧಾನದ ಉಸಿರು ಕೇಳಿಸುತ್ತಿತ್ತು.

ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಕಾಫಿಗೆ ಕರೆದಳು. ತ್ಯಾಂಪಣ್ಣ ಕೈ ತೆಗೆದು ಹಿಂದೆ ಸರಿದ.

ಗೋಡೆ ಒಂದು ಕ್ಷಣ ಯೋಚಿಸಿತು. ಆಮೇಲೆ, ಊಟ ಮುಗಿಸಿ ಮಲಗಲು ಹೊರಟ ಯಜಮಾನರ ಹಾಗೆ ಗಂಭೀರವಾಗಿ ತ್ಯಾಂಪಣ್ಣನ ಬಸಳೆ ಚಪ್ಪರದ ಮೇಲೆ ಒರಗಿತು. ಅದರ ಹಿಂದೆಯೇ ಮೂವರೂ ಬಸಳೆಯ ಮೇಲೆ ಬಿದ್ದರು. ಯಾರಿಗೂ ಪೆಟ್ಟಾಗಲಿಲ್ಲ.

ಹೇಗೂ ಸರ್ವೆಯವರು ಬರುತ್ತಾರೆ, ಇದನ್ನೂ ಅಳೆಸಿ ಸರಿಯಾದ ಜಾಗದಲ್ಲೇ ಕಟ್ಟುವುದು ಎಂದು ಸತ್ಯವತಿ ಸೀರೆಗೆ ಅಂಟಿದ ಬಸಳೆ ಎಲೆ ಕೀಳುತ್ತ ತೀರ್ಮಾನ ಕೊಟ್ಟರು. ಉತುಪ್‌ನಿಗೆ ಒಳಗೊಳಗೇ ಖುಷಿಯಾಯಿತು. ತ್ಯಾಂಪಣ್ಣ ನುಂಗಿದ ಜಾಗ ಈಗಲಾದರೂ ಹೊರಬರುತ್ತದಲ್ಲ.

ಸರ್ವೆಯವರು ಬಂದು ಟೇಪು ಎಳೆದರು, ನಕ್ಷೆ ತಿರುಗಿಸಿ ನೋಡಿದರು, ಮತ್ತೊಮ್ಮೆ ಎಳೆದರು. ಆಮೇಲೆ ಉತುಪ್‌ನ ಅಡುಗೆಮನೆಯ ಮೆಟ್ಟಿಲಿನ ಪಕ್ಕ ಹಾರೆ ಹಾಕಿಸಿದರು. ಠಣ್ ಎಂದಿತು. ಗಡಿಕಲ್ಲು.

ಉತುಪ್‌ನ ಜಾಗ ಒತ್ತುವ ಆತುರದಲ್ಲಿ ತ್ಯಾಂಪಣ್ಣ ತನ್ನದೇ ಜಾಗದ ಒಳಗೆ ಗೋಡೆ ಕಟ್ಟಿಬಿಟ್ಟಿದ್ದ. ಅದನ್ನು ಕೇಳಿ ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಮೇಲೆ ನಕ್ಕ.

ಗಡಿಕಲ್ಲಿನ ನೇರಕ್ಕೆ ಹೊಸ ಗೋಡೆ ಎದ್ದಿತು, ಈ ಸಲ ಗಟ್ಟಿ ಅಡಿಪಾಯದ ಮೇಲೆ. ಅದಕ್ಕೂ ಉತುಪ್‌ನ ಅಡುಗೆಮನೆಗೂ ನಡುವೆ ಉಳಿದದ್ದು ಒಬ್ಬ ಮನುಷ್ಯ ಅಡ್ಡಡ್ಡವಾಗಿ ನುಸುಳುವಷ್ಟು ಜಾಗ. ಅಂಗೈ ಊರಬಹುದು; ಕಾಲು ಹಿಂದಕ್ಕೆ ಚಾಚುವಂತಿಲ್ಲ.

ಒಂದು ಬೆಳಿಗ್ಗೆ ಉತುಪ್ ಹೇಗಾದರೂ ಸಾಧ್ಯವೋ ಎಂದು ಅಲ್ಲಿ ನುಸುಳಿ ನಿಂತಿದ್ದಾಗ ಗೋಡೆಯಾಚೆಯಿಂದ ಉಸಿರು ಬಿಗಿಹಿಡಿದು ಬಿಡುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ತ್ಯಾಂಪಣ್ಣನ ತಲೆ ಮೇಲೆದ್ದಿತು.

"ಒಳ್ಳೆ ವ್ಯಾಯಾಮ ಹೇಳಿಕೊಟ್ರಿ ಚೇಟಾ. ನನ್ನ ಹಿಮ್ಮಡಿ ನೋವು ಪೂರ್ತಿ ಹೋಯ್ತು," ಎಂದು ಆತ ಮನಸಾರೆ ಹೇಳಿದ. "ನೀವು ಮಾಡುದು ಬಿಟ್ರಾ ಹೇಗೆ?"

ಉತುಪ್ ಎರಡು ಗೋಡೆಗಳ ನಡುವೆ ಏಡಿಯ ಹಾಗೆ ನಿಂತು, ಹೊರಗೆ ಬರಲು ಯಾವ ಕಾಲನ್ನು ಮೊದಲು ಊರುವುದೆಂದು ಯೋಚಿಸುತ್ತಿದ್ದ.